ಡಿಸ್ಕ್ ಕೆಟ್ಟರೂ ಏಳುವ ಕಂಪ್ಯೂಟರ್

ಹಾರ್ಡ್ ಡಿಸ್ಕ್ ಕೆಟ್ಟಾಗ ಮನೆಯವರೆಲ್ಲ "ಕಂಪ್ಯೂಟರ್ ಹೋಯ್ತು" ಎನ್ನುತ್ತಾರೆ. ಬೂಟ್ ಮಾಡಲು ಯಾವ ಸಾಧನವೂ ಸಿಗಲಿಲ್ಲ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಆಗ ಕಪ್ಪು ಪರದೆಯ ಮೇಲೆ ಕಾಣಿಸುತ್ತಿರುತ್ತದಲ್ಲ, ಅದನ್ನು ಬರೆದದ್ದು ಯಾರು? ವಿಂಡೋಸ್ ಅಂತೂ ಅಲ್ಲ, ಅದು ಸತ್ತ ಡಿಸ್ಕಿನೊಳಗೇ ಉಳಿದಿದೆ. ಆದರೂ ಯಾವುದೋ ಒಂದು ಪ್ರೋಗ್ರಾಮ್ ಎದ್ದಿದೆ, ರ‍್ಯಾಮನ್ನು ಪರೀಕ್ಷಿಸಿದೆ, ಕೀಬೋರ್ಡನ್ನು ಗುರುತಿಸಿದೆ, ಡಿಸ್ಕನ್ನು ಹುಡುಕಿದೆ, ಸಿಗದಿದ್ದಾಗ ಅಕ್ಷರ ಮೂಡಿಸಿ ನಿಮಗೆ ತಿಳಿಸಿದೆ. ಕಂಪ್ಯೂಟರ್ ಬದುಕಿದೆ ಎನ್ನುವುದಕ್ಕೆ ಆ ಒಂದು ಸಾಲೇ ಸಾಕ್ಷಿ. ಅದಕ್ಕೀಗ ಓದಿಕೊಳ್ಳಲು ಒಂದು ಡಿಸ್ಕ್ ಬೇಕು, ಅಷ್ಟೆ. ಆ ಡಿಸ್ಕ್ ಪೆಟ್ಟಿಗೆಯ ಒಳಗೇ ಇರಬೇಕೆಂಬ ನಿಯಮವೇನೂ ಇಲ್ಲ.

ಈ ಪ್ರೋಗ್ರಾಮ್ ಇರುವುದು ಮದರ್‌ಬೋರ್ಡಿನ ಮೇಲೆ ಬೆಸುಗೆ ಹಾಕಿದ ಪುಟ್ಟದೊಂದು ಚಿಪ್‌ನಲ್ಲಿ. ಅದರ ಹೆಸರು ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಅದನ್ನು ಬಯೋಸ್ ಎನ್ನುತ್ತಿದ್ದರು, ಈಗಿನವುಗಳಲ್ಲಿ ಯುಇಎಫ್‌ಐ. ಇಂಟೆಲ್ ಮಾದರಿಯ ಪ್ರೊಸೆಸರಿಗೆ ವಿದ್ಯುತ್ ಹರಿದ ಕೂಡಲೇ ಅದು ಯೋಚಿಸದೆ ನೋಡುವ ವಿಳಾಸ ಒಂದೇ: 4 ಜಿಬಿ ಗಡಿಗೆ ಸರಿಯಾಗಿ 16 ಬೈಟ್ ಹಿಂದಿನ ಜಾಗ. ಆ ವಿಳಾಸದಲ್ಲಿ ಸಿಗುವುದು ರ‍್ಯಾಮ್ ಅಲ್ಲ, ಡಿಸ್ಕೂ ಅಲ್ಲ, ಈ ಚಿಪ್. ಆ ಕ್ಷಣದಲ್ಲಿ ರ‍್ಯಾಮ್ ಇನ್ನೂ ಬಳಕೆಗೆ ಸಿದ್ಧವಾಗಿಯೇ ಇರುವುದಿಲ್ಲ. ಅದನ್ನು ಎಬ್ಬಿಸುವುದೂ ಚಿಪ್‌ನಲ್ಲಿರುವ ಪ್ರೋಗ್ರಾಮಿನದೇ ಕೆಲಸ. ಡಿಸ್ಕಿನ ಸರದಿ ಬರುವುದು ಇದೆಲ್ಲ ಮುಗಿದ ಮೇಲೆ.

ಒಳಗೆ ಡಿಸ್ಕ್ ಇಲ್ಲದೆ ಕಂಪ್ಯೂಟರ್ ನಡೆಸುವುದು ಯಾರೋ ಕಂಡುಹಿಡಿದ ಉಪಾಯವೂ ಅಲ್ಲ. ಪಿಸಿ ಶುರುವಾದದ್ದೇ ಹಾಗೆ. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಮೊದಲ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. 160 ಕೆಬಿ ಹಿಡಿಯುವ ಫ್ಲಾಪಿಯನ್ನು ತೂರಿಸಿ ಸ್ವಿಚ್ ಹಾಕಿದರೆ ಡಾಸ್ ಏಳುತ್ತಿತ್ತು. ಫ್ಲಾಪಿಯೂ ಇಲ್ಲದಿದ್ದರೆ ಚಿಪ್‌ನೊಳಗೇ ಇದ್ದ ಬೇಸಿಕ್ ಭಾಷೆ ತೆರೆದುಕೊಳ್ಳುತ್ತಿತ್ತು. 10 ಎಂಬಿ ಹಾರ್ಡ್ ಡಿಸ್ಕ್ ಒಳಗೇ ಕೂತು ಬಂದದ್ದು 1983ರ ಎಕ್ಸ್‌ಟಿ ಮಾದರಿಯಲ್ಲಿ. ಒಳಗಿನ ಡಿಸ್ಕ್ ನಮಗೆ ಆಮೇಲೆ ಸಿಕ್ಕ ಅನುಕೂಲ. ಕಾಲಕ್ರಮದಲ್ಲಿ ಅದನ್ನೇ ಕಂಪ್ಯೂಟರ್ ಎಂದು ನಂಬಿಬಿಟ್ಟಿದ್ದೇವೆ.

ಫರ್ಮ್‌ವೇರ್ ಹೊರಗಿನ ಡಿಸ್ಕನ್ನು ಹೇಗೆ ಗುರುತಿಸುತ್ತದೆ ಎನ್ನುವುದು ಸ್ವಾರಸ್ಯದ ವಿಷಯ. ಬಯೋಸ್ ಕಾಲದ ಕ್ರಮ ತುಂಬ ಸರಳವಾಗಿತ್ತು. ಡಿಸ್ಕಿನ ಮೊದಲ 512 ಬೈಟ್ ಓದು. ಕೊನೆಯ ಎರಡು ಬೈಟ್‌ಗಳಲ್ಲಿ ನಿಗದಿತ ಗುರುತು ಇದ್ದರೆ ಮೊದಲ 446 ಬೈಟ್‌ಗಳಲ್ಲಿರುವ ಪ್ರೋಗ್ರಾಮಿಗೆ ಯಂತ್ರವನ್ನು ಒಪ್ಪಿಸು. ಅಷ್ಟೇ. ಯುಇಎಫ್‌ಐ ಇದಕ್ಕಿಂತ ತಿಳಿದದ್ದು. ಅದಕ್ಕೆ ಫ್ಯಾಟ್ ಎಂಬ ಹಳೆಯ ಫೈಲ್ ವ್ಯವಸ್ಥೆಯನ್ನು ಓದಲು ಬರುತ್ತದೆ. ಹಾಗಾಗಿ ಡಿಸ್ಕಿನ ಪುಟ್ಟ ಭಾಗವೊಂದರಲ್ಲಿ ಮಾಮೂಲಿ ಫೈಲಿನ ರೂಪದಲ್ಲೇ ಬೂಟ್ ಪ್ರೋಗ್ರಾಮನ್ನು ಇಟ್ಟರೆ ಸಾಕು. ಯಾವ ಡಿಸ್ಕಿನ ಯಾವ ಫೈಲಿನಿಂದ ಏಳಬೇಕೆಂಬ ಪಟ್ಟಿ ಮಾತ್ರ ಡಿಸ್ಕಿನಲ್ಲಿ ಇರುವುದಿಲ್ಲ, ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ. ಎಂದೂ ಕಂಡಿರದ ಡಿಸ್ಕನ್ನು ಇವತ್ತು ಹೊಸದಾಗಿ ಚುಚ್ಚಿದರೆ ಪಟ್ಟಿಯಲ್ಲಿ ಅದರ ಹೆಸರು ಹೇಗಿದ್ದೀತು? ಇದಕ್ಕೆಂದೇ ನಿಯಮ ರೂಪಿಸಿದವರು ಒಂದು ಏರ್ಪಾಟು ಮಾಡಿದ್ದಾರೆ. ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅದರಲ್ಲಿ ನಿಗದಿತ ಹೆಸರಿನ ಒಂದು ಫೈಲ್ ಇದ್ದರೆ, ಪರಿಚಯವೇ ಇಲ್ಲದ ಡಿಸ್ಕಿನಿಂದಲೂ ಯಂತ್ರ ಏಳುತ್ತದೆ. ಮೈಸೂರಿನಲ್ಲಿ ತಯಾರಿಸಿದ ಪೆನ್‌ಡ್ರೈವ್ ಮಂಗಳೂರಿನ ಕಂಪ್ಯೂಟರನ್ನೂ ಎಬ್ಬಿಸುವುದು ಈ ಒಂದು ಫೈಲಿನ ಬಲದಿಂದ.

ಇಲ್ಲಿಗೆ ಅರ್ಧ ದಾರಿ ಮುಗಿಯಿತು. ಮುಂದಿನ ಅರ್ಧದಲ್ಲಿ ಬೇರೊಂದು ತೊಡಕಿದೆ. ಬೂಟ್ ಪ್ರೋಗ್ರಾಮ್ ಲಿನಕ್ಸ್ ಅಥವಾ ವಿಂಡೋಸಿನ ತಿರುಳಾದ ಕರ್ನೆಲನ್ನು ರ‍್ಯಾಮಿಗೆ ತಂದು ಬಿಡುತ್ತದೆ. ಅಲ್ಲಿಂದಾಚೆ ಡಿಸ್ಕನ್ನು ಓದುವ ಹೊಣೆ ಫರ್ಮ್‌ವೇರಿನದಲ್ಲ, ಕರ್ನೆಲಿನದು. ಯುಎಸ್‌ಬಿಯಲ್ಲಿರುವ ಡಿಸ್ಕನ್ನು ಓದಲು ಅದಕ್ಕೆ ಯುಎಸ್‌ಬಿ ಡ್ರೈವರ್ ಬೇಕು. ಆ ಡ್ರೈವರ್ ಇರುವುದೋ, ಅದೇ ಯುಎಸ್‌ಬಿ ಡಿಸ್ಕಿನಲ್ಲಿ. ಬೀರುವಿನ ಬೀಗದ ಕೈ ಬೀರುವಿನೊಳಗೇ ಸಿಕ್ಕಿಕೊಂಡ ಹಾಗಾಯಿತು. ಲಿನಕ್ಸ್ ಇದನ್ನು ಬಿಡಿಸಿಕೊಂಡ ಬಗೆ ಚೆನ್ನಾಗಿದೆ. ಅಗತ್ಯವಾದ ಡ್ರೈವರ್‌ಗಳನ್ನಷ್ಟೇ ತುಂಬಿದ ಒಂದು ಚಿಕ್ಕ ಫೈಲ್ ಕಟ್ಟನ್ನು ಕರ್ನೆಲಿನ ಜೊತೆಯಲ್ಲೇ ರ‍್ಯಾಮಿಗೆ ಇಳಿಸುತ್ತಾರೆ. ಕರ್ನೆಲ್ ಮೊದಲು ಆ ಕಟ್ಟಿನೊಳಗೆ ಕೂತು ಯುಎಸ್‌ಬಿಯನ್ನು ಎಬ್ಬಿಸಿ, ಆಮೇಲೆ ನಿಜವಾದ ಡಿಸ್ಕಿಗೆ ದಾಟಿಕೊಳ್ಳುತ್ತದೆ. ಯುಎಸ್‌ಬಿ ಸಾಧನಗಳು ತಮ್ಮ ಗುರುತು ಹೇಳಿಕೊಳ್ಳಲು ಒಂದೆರಡು ಸೆಕೆಂಡ್ ತೆಗೆದುಕೊಳ್ಳುವುದರಿಂದ, ಡಿಸ್ಕ್ ಕಾಣುವವರೆಗೂ ಕಾದಿರು ಎಂಬ ಸೂಚನೆಯನ್ನೂ ಕರ್ನೆಲಿಗೆ ಕೊಡಬಹುದು. ಡಿಸ್ಕನ್ನು ಮೊದಲನೆಯದು, ಎರಡನೆಯದು ಎಂದು ಕರೆಯದೆ ಅದರ ಮೇಲೆ ಬರೆದಿರುವ ಉದ್ದನೆಯ ಗುರುತಿನ ಸಂಖ್ಯೆಯಿಂದ ಹುಡುಕುತ್ತಾರೆ. ಯಾವ ರಂಧ್ರಕ್ಕೆ ಚುಚ್ಚಿದರೂ ಅದೇ ಡಿಸ್ಕ್ ಸಿಗಬೇಕಲ್ಲ! ವಿಂಡೋಸ್ ಎಕ್ಸ್‌ಪಿ ಸೋತದ್ದು ಇದೇ ಘಟ್ಟದಲ್ಲಿ. ಏಳುವ ನಡುವೆ ಅದು ಯುಎಸ್‌ಬಿಯನ್ನು ಹೊಸದಾಗಿ ಸಜ್ಜುಗೊಳಿಸಲು ಹೋಗಿ, ತಾನು ನಿಂತಿದ್ದ ಡಿಸ್ಕಿನ ಸಂಪರ್ಕವನ್ನೇ ಕಡಿದುಕೊಂಡು ನೀಲಿ ಪರದೆ ತೋರಿಸುತ್ತಿತ್ತು.

ಡಿಸ್ಕನ್ನು ಬಿಟ್ಟು ಏಳಬಲ್ಲೆಯಾ ಎಂಬ ಪ್ರಶ್ನೆ ಎಷ್ಟು ದೊಡ್ಡದೆಂದು ಜಗತ್ತಿಗೆ ತೋರಿದ ಘಟನೆ ನಡೆದದ್ದು ಮಂಗಳ ಗ್ರಹದಲ್ಲಿ. ನಾಸಾದ ಸ್ಪಿರಿಟ್ ರೋವರ್ 2004ರ ಜನವರಿ 4ರಂದು ಅಲ್ಲಿನ ಗುಸೆವ್ ಕುಳಿಯಲ್ಲಿ ಇಳಿಯಿತು. ಜನವರಿ 21ರಂದು ಸರಿಯಾಗಿ ಉತ್ತರ ಕೊಡುವುದನ್ನು ನಿಲ್ಲಿಸಿತು. ಅದರಲ್ಲಿ ಡಿಸ್ಕಿನ ಜಾಗದಲ್ಲಿದ್ದ 256 ಎಂಬಿ ಫ್ಲಾಶ್ ಮೆಮೊರಿಯಲ್ಲಿ ಫೈಲುಗಳ ಸಂಖ್ಯೆ ಮಿತಿಮೀರಿತ್ತು. ಏಳುವಾಗೆಲ್ಲ ಆ ಫೈಲುಗಳ ಪಟ್ಟಿಯನ್ನು ರ‍್ಯಾಮಿನಲ್ಲಿ ಕಟ್ಟಲು ಹೋಗುತ್ತಿತ್ತು, ರ‍್ಯಾಮ್ ಸಾಲದೆ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಹೀಗೆ 60ಕ್ಕೂ ಹೆಚ್ಚು ಬಾರಿ. ರಾತ್ರಿ ನಿದ್ದೆಗೂ ಜಾರದೆ ಬ್ಯಾಟರಿ ಕರಗುತ್ತಿತ್ತು. ಕೋಟ್ಯಂತರ ಕಿಲೋಮೀಟರ್ ದೂರದಲ್ಲಿದ್ದ ಎಂಜಿನಿಯರುಗಳ ಕೈಯಲ್ಲಿ ಉಳಿದಿದ್ದ ದಾರಿ ಒಂದೇ: ಫ್ಲಾಶ್ ಕಡೆ ತಿರುಗಿಯೂ ನೋಡದೆ ರ‍್ಯಾಮನ್ನಷ್ಟೇ ನಂಬಿ ಏಳು ಎಂಬ ಆದೇಶ. ರೋವರ್ ಕಟ್ಟುವಾಗಲೇ ಯಾರೋ ಮುಂದಾಲೋಚನೆಯಿಂದ ಆ ಆದೇಶಕ್ಕೆ ಜಾಗ ಬಿಟ್ಟಿದ್ದರು. ಸ್ಪಿರಿಟ್ ಎದ್ದಿತು. ಫೈಲುಗಳನ್ನು ಅಳಿಸಿ, ಫ್ಲಾಶನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದರು. 90 ಮಂಗಳದಿನಗಳ ಕೆಲಸಕ್ಕೆಂದು ಹೋದ ಆ ಯಂತ್ರ 2010ರ ಮಾರ್ಚ್‌ವರೆಗೂ ಭೂಮಿಗೆ ಸಂದೇಶ ಕಳಿಸಿತು.

ನಮ್ಮ ಮೇಜಿನ ಮೇಲಿನ ಯಂತ್ರಕ್ಕೆ ಬರೋಣ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಕೆಲವು ಭಾಗ. ಕೆಳಗಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ಹಾಕುತ್ತಿರುತ್ತದೆ. ಕರೆಂಟು ಹೋದರೆ ತಲೆ ತಟ್ಟೆಯ ಮೇಲೆ ಬೀಳಬಾರದು. ಅದಕ್ಕೆ ಮಾಡಿರುವ ಏರ್ಪಾಟನ್ನು ಎಷ್ಟು ಮೆಚ್ಚಿದರೂ ಸಾಲದು. ತಟ್ಟೆ ಇನ್ನೂ ತಿರುಗುತ್ತಿರುವುದರಿಂದ ಅದರ ಮೋಟರೇ ಒಂದು ಕ್ಷಣ ಜನರೇಟರ್ ಆಗಿ, ಆ ಪುಟ್ಟ ವಿದ್ಯುತ್ತಿನಿಂದ ತಲೆಯನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತದೆ. ಯುಪಿಎಸ್ ಇಲ್ಲದೆ ದಿನಕ್ಕೆ ನಾಲ್ಕು ಬಾರಿ ಕರೆಂಟು ಹೋಗುವ ಊರುಗಳಲ್ಲೂ ಡಿಸ್ಕುಗಳು ವರ್ಷಗಟ್ಟಲೆ ಬಾಳುವುದಕ್ಕೆ ಇದೂ ಒಂದು ಕಾರಣ.

ಆದರೂ ಕೆಡುತ್ತವೆ, ಎಷ್ಟೋ ಸಲ ಸೂಚನೆಯನ್ನೇ ಕೊಡದೆ. ಡಿಸ್ಕುಗಳು ತಮ್ಮ ಆರೋಗ್ಯವನ್ನು ತಾವೇ ಲೆಕ್ಕ ಇಡುವ ಸ್ಮಾರ್ಟ್ ಎಂಬ ವ್ಯವಸ್ಥೆಯಿದೆ. ಗೂಗಲ್ ಸಂಸ್ಥೆಯ ಸಂಶೋಧಕರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟಿನ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಸೂಚನೆ ತೋರಿಸಿದವುಗಳ ಕಥೆ ಮಾತ್ರ ಗಂಭೀರ. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚಿನ ಸಂಭವದಲ್ಲಿ 60 ದಿನದೊಳಗೆ ಕೆಡುತ್ತಿತ್ತು. ಸೂಚನೆ ಇಲ್ಲವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ, ಸೂಚನೆ ಬಂದ ಮೇಲೆ ಕಾಯುವಂತೆಯೂ ಇಲ್ಲ.

ಹೊರಗಿನ ಡಿಸ್ಕಿನಿಂದ ಯಂತ್ರ ಎದ್ದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಒಳಗಿನ ಡಿಸ್ಕಿನಲ್ಲಿ ಉಳಿದಿರುವುದನ್ನು ಎತ್ತಿಕೊಳ್ಳುವುದು. ಡಿಸ್ಕ್ ಇನ್ನೂ ತಿರುಗುತ್ತಿದ್ದರೆ ಮಾತ್ರ ಇದು ಸಾಧ್ಯ. ಕಟಕಟ ಸದ್ದು ಬರುತ್ತಿದ್ದರೆ ಕೂಡಲೇ ನಿಲ್ಲಿಸಿ, ದತ್ತಾಂಶ ಬೆಲೆಬಾಳುವುದಾದರೆ ಪರಿಣತರಿಗೆ ಕೊಡಬೇಕು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಒಳಗೆ ನೀರಿನ ಪಸೆ ಕಟ್ಟಿ ಇನ್ನಷ್ಟು ಹಾಳಾದೀತು. ಮಾಮೂಲಿ ಕಾಪಿ-ಪೇಸ್ಟ್ ಕೂಡ ಇಲ್ಲಿ ಒಳ್ಳೆಯದಲ್ಲ. ಓದಲಾಗದ ಒಂದು ಜಾಗ ಸಿಕ್ಕಿತೆಂದರೆ ಅದು ಅಲ್ಲೇ ತಲೆ ಚಚ್ಚಿಕೊಳ್ಳುತ್ತ ಇರುವಷ್ಟು ಆಯುಸ್ಸನ್ನೂ ಮುಗಿಸುತ್ತದೆ. ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದ ಜಾಣತನ ಇಲ್ಲಿದೆ. ಸುಲಭಕ್ಕೆ ಓದಲು ಬರುವ ಭಾಗಗಳನ್ನೆಲ್ಲ ಅದು ಮೊದಲ ಸುತ್ತಿನಲ್ಲೇ ಬಾಚಿಕೊಳ್ಳುತ್ತದೆ, ಕಷ್ಟದ ಜಾಗಗಳನ್ನು ಗುರುತು ಹಾಕಿಕೊಂಡು ದಾಟುತ್ತದೆ, ಕೊನೆಗೆ ಅವುಗಳ ಕಡೆ ಮರಳುತ್ತದೆ. ನಡುವೆ ಡಿಸ್ಕ್ ಪೂರ್ತಿ ಕೈಕೊಟ್ಟರೂ ಹೆಚ್ಚಿನ ಪಾಲು ಆಗಲೇ ಉಳಿದಿರುತ್ತದೆ.

ಎತ್ತಿಕೊಂಡಾದ ಮೇಲೆ ಒಳಗಿನ ಡಿಸ್ಕಿನ ಕೇಬಲನ್ನು ಕಿತ್ತುಬಿಡಿ. ಬಿಟ್ಟರೆ ಏನು ಕಷ್ಟ ಎಂದು ಕೇಳುವವರಿದ್ದಾರೆ. ಪೂರ್ತಿ ಸತ್ತ ಡಿಸ್ಕ್ ತೊಂದರೆ ಕೊಡುವುದಿಲ್ಲ, ಅರ್ಧ ಸತ್ತದ್ದು ಕೊಡುತ್ತದೆ. ಅದು ತಾನಿದ್ದೇನೆ ಎನ್ನುತ್ತದೆ, ಓದು ಎಂದರೆ ಹತ್ತಾರು ಸೆಕೆಂಡ್ ಒದ್ದಾಡುತ್ತದೆ. ಅಲ್ಲಿಯವರೆಗೆ ಫರ್ಮ್‌ವೇರೂ ಕಾಯುತ್ತದೆ, ಆಮೇಲೆ ಆಪರೇಟಿಂಗ್ ಸಿಸ್ಟಮೂ ಕಾಯುತ್ತದೆ. ಹೊರಗಿನ ಡಿಸ್ಕಿನಿಂದ ನಡೆಸಿದರೆ ಕಂಪ್ಯೂಟರ್ ನಿಧಾನ ಎಂಬ ದೂರಿನ ಮೂಲ ಬಹಳಷ್ಟು ಸಲ ಒಳಗೇ ಉಳಿದ ಈ ರೋಗಿ. ಕಿತ್ತುಹಾಕಲು ಆಗದಿದ್ದರೆ, ಅನೇಕ ಡೆಸ್ಕ್‌ಟಾಪ್‌ಗಳ ಫರ್ಮ್‌ವೇರ್ ಮೆನುವಿನಲ್ಲಿ ಡಿಸ್ಕ್ ಸೇರಿಕೊಂಡಿರುವ ಆ ಒಂದು ಸಾಟಾ ಕಿಂಡಿಯನ್ನು ಮುಚ್ಚುವ ಅವಕಾಶ ಇರುತ್ತದೆ.

ಕಿತ್ತುಹಾಕುವುದೇ ಕಷ್ಟವಾದ ಯಂತ್ರಗಳೂ ಇವೆ. ಅದಕ್ಕೆ ಒಳ್ಳೆಯ ಉದಾಹರಣೆ ಆಪಲ್‌ನ 21.5 ಇಂಚಿನ ಐಮ್ಯಾಕ್. 2012ರ ಕೊನೆಯಿಂದ 2019ರವರೆಗಿನ ಮಾದರಿಗಳಲ್ಲಿ ಪರದೆಯನ್ನು ಅಂಟು ಪಟ್ಟಿಯಿಂದ ಅಂಟಿಸಿರುತ್ತಾರೆ. ಒಳಗಿನ ಡಿಸ್ಕ್ ಬದಲಿಸಲು ಅಂಟನ್ನು ಕೊಯ್ದು ಇಡೀ ಪರದೆಯನ್ನು ಎತ್ತಬೇಕು, ಗಾಜು ಬಿರುಕು ಬಿಟ್ಟರೆ ಯಂತ್ರದ ಬೆಲೆಯೇ ಹೋಯಿತು. ಅವುಗಳಲ್ಲಿ ಹೆಚ್ಚಿನವಕ್ಕೆ ಹಾಕಿದ್ದು 5,400 ಸುತ್ತಿನ ಡಿಸ್ಕ್. ಹಿಂಬದಿಯಲ್ಲೋ, ಯುಎಸ್‌ಬಿ 3 ರಂಧ್ರಗಳು ಸುಮ್ಮನೆ ಕೂತಿವೆ. ಅಲ್ಲಿಗೆ ಒಂದು ಎಸ್‌ಎಸ್‌ಡಿ ಸಿಕ್ಕಿಸಿ, ಆನ್ ಮಾಡುವಾಗ ಆಪ್ಷನ್ ಕೀ ಒತ್ತಿ ಹಿಡಿದರೆ ಯಾವ ಡಿಸ್ಕಿನಿಂದ ಏಳಬೇಕೆಂದು ಯಂತ್ರವೇ ಕೇಳುತ್ತದೆ. ಹೀಗೆ ಎಬ್ಬಿಸಿದವರು ಮೊದಲು ಹೇಳುವುದು, ಹೊಸದಾಗಿ ಕೊಂಡಾಗಲೂ ಇದು ಇಷ್ಟು ಚುರುಕಾಗಿರಲಿಲ್ಲ ಎಂದು.

ಹೊರಗಿನ ಡಿಸ್ಕ್ ಒಳಗಿನದಕ್ಕಿಂತ ವೇಗವಾಗುವುದು ಹೇಗೆ? ಲೆಕ್ಕ ಹಾಕಿ ನೋಡೋಣ. 5,400 ಸುತ್ತಿನ ತಟ್ಟೆ ಸೆಕೆಂಡಿಗೆ 90 ಸುತ್ತು ಹಾಕುತ್ತದೆ. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 5.6 ಮಿಲಿಸೆಕೆಂಡ್. ತಲೆ ಆ ಸಾಲಿಗೆ ಸರಿಯಲು ಇನ್ನೊಂದು ಹತ್ತು-ಹನ್ನೆರಡು. ಎರಡೂ ಸೇರಿದರೆ ಚದುರಿಬಿದ್ದ ಚಿಕ್ಕ ಚಿಕ್ಕ ತುಣುಕುಗಳನ್ನು ಸೆಕೆಂಡಿಗೆ 60ರಷ್ಟೇ ಓದಲು ಸಾಧ್ಯ. ಆಪರೇಟಿಂಗ್ ಸಿಸ್ಟಮ್ ಏಳುವಾಗ ಓದುವುದೆಲ್ಲ ಇಂಥ ಸಾವಿರಾರು ತುಣುಕುಗಳನ್ನೇ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಹಾಗಾಗಿ ಕಾಯುವ ಪ್ರಶ್ನೆಯೂ ಇಲ್ಲ. ಯುಎಸ್‌ಬಿ ಕೇಬಲಿನ ಮೂಲಕವೂ ಅದು ಸೆಕೆಂಡಿಗೆ ಸಾವಿರಾರು ತುಣುಕು ಕೊಡುತ್ತದೆ. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಎಂಬಿ ವೇಗವನ್ನು ಜನ ನೋಡುತ್ತಾರೆ. ನನ್ನ ಅನುಭವದಲ್ಲಿ ಕಂಪ್ಯೂಟರ್ ಚುರುಕು ಅನ್ನಿಸುವುದು ಸೆಕೆಂಡಿಗೆ ಎಷ್ಟು ತುಣುಕು ಎಂಬ ಸಂಖ್ಯೆಯಿಂದ. ಸೆಕೆಂಡಿಗೆ 35-40 ಎಂಬಿ ದಾಟದ ಹಳೆಯ ಯುಎಸ್‌ಬಿ 2 ರಂಧ್ರದಲ್ಲಿ ಕೂಡ ಎಸ್‌ಎಸ್‌ಡಿ ಬಳಸಬಹುದಾದಷ್ಟು ಚೆನ್ನಾಗಿ ನಡೆಯುವುದು ಇದೇ ಕಾರಣಕ್ಕೆ.

ಪೆನ್‌ಡ್ರೈವನ್ನೇ ಕಾಯಂ ಡಿಸ್ಕ್ ಮಾಡಿಕೊಳ್ಳುವ ಆಸೆ ಬೇಡ. ಅದರಲ್ಲೂ ಎಸ್‌ಎಸ್‌ಡಿಯಲ್ಲೂ ಇರುವುದು ಫ್ಲಾಶ್ ಮೆಮೊರಿಯೇ. ಆದರೆ ಫ್ಲಾಶಿನಲ್ಲಿ ಬರೆದದ್ದರ ಮೇಲೆ ನೇರವಾಗಿ ಇನ್ನೊಮ್ಮೆ ಬರೆಯಲಾಗದು, ದೊಡ್ಡದೊಂದು ಭಾಗವನ್ನೇ ಒಟ್ಟಿಗೆ ಅಳಿಸಬೇಕು, ಪ್ರತಿ ಅಳಿಸುವಿಕೆಗೂ ಅದು ಸ್ವಲ್ಪ ಸವೆಯುತ್ತದೆ. ಆ ಸವೆತವನ್ನು ಎಲ್ಲ ಕಡೆಗೂ ಸಮನಾಗಿ ಹಂಚುವ ಕೆಲಸವನ್ನು ಎಸ್‌ಎಸ್‌ಡಿಯ ಒಳಗಿನ ನಿಯಂತ್ರಕ ಚಿಪ್ ಚೆನ್ನಾಗಿ ಮಾಡುತ್ತದೆ. ಅಗ್ಗದ ಪೆನ್‌ಡ್ರೈವಿನದು ಅಷ್ಟು ಮಾಡದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಸಿಂಗ್ ಎಂದು ಕೇಳಿದರೆ ಎರಡೂವರೆ ಇಂಚಿನ ಎಸ್‌ಎಸ್‌ಡಿ ಕೂರುವ ಪುಟ್ಟ ಡಬ್ಬಿ ಕೊಡುತ್ತಾರೆ. ಕೊಳ್ಳುವಾಗ ಯುಎಎಸ್‌ಪಿ ಇದೆಯೇ ಎಂದು ಕೇಳಿ. ಹಳೆಯ ಯುಎಸ್‌ಬಿ ಪದ್ಧತಿಯಲ್ಲಿ ಒಂದು ಆದೇಶ ಮುಗಿಯುವವರೆಗೆ ಇನ್ನೊಂದನ್ನು ಕಳಿಸುವಂತಿರಲಿಲ್ಲ, ಯುಎಎಸ್‌ಪಿಯಲ್ಲಿ ಹಲವನ್ನು ಒಟ್ಟಿಗೆ ಸಾಲಾಗಿ ಕಳಿಸಬಹುದು.

ವಿದ್ಯುತ್ತಿನ ಕಡೆಗೂ ಗಮನ ಇರಲಿ. ಯುಎಸ್‌ಬಿ 2 ರಂಧ್ರ ನಿಯಮದಂತೆ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ರಂಧ್ರ 900. ಎಸ್‌ಎಸ್‌ಡಿಗೆ ಸಾಮಾನ್ಯವಾಗಿ ಇದು ಸಾಕು. ತಿರುಗುವ ಡಿಸ್ಕಿಗೆ ಶುರುವಿನ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಬೇಕಾಗಬಹುದು, ಆಗ ಅದು ಟಿಕ್ ಎಂದು ನಿಂತುಬಿಡುತ್ತದೆ. ಡೆಸ್ಕ್‌ಟಾಪ್ ಆದರೆ ಮುಂದಿನ ರಂಧ್ರ ಬಿಟ್ಟು, ನೇರ ಮದರ್‌ಬೋರ್ಡಿನ ಮೇಲೇ ಇರುವ ಹಿಂದಿನ ರಂಧ್ರಕ್ಕೆ ಚುಚ್ಚಿ. ಡಿಸ್ಕ್ ಸಿಕ್ಕಿಸಿದ ಮೇಲೆ ವೈಫೈ ಮಂಕಾದರೆ, ವೈರ್‌ಲೆಸ್ ಮೌಸ್ ತಡವರಿಸಿದರೆ ಗಾಬರಿಯಾಗಬೇಡಿ. ಯುಎಸ್‌ಬಿ 3ರ ಸಂಕೇತಗಳು 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ವಿವರವಾಗಿ ಬರೆದಿದೆ. ಡಿಸ್ಕನ್ನು ಒಂದಡಿ ದೂರ ಸರಿಸಿ, ಅಥವಾ 5 ಗಿಗಾಹರ್ಟ್ಸ್ ವೈಫೈ ಬಳಸಿ. ಕೇಬಲ್ ಮಾತ್ರ ಅಲುಗಾಡದಂತಿರಲಿ. ನಡೆಯುತ್ತಿರುವಾಗ ಅದು ಕಿತ್ತುಬಂದರೆ ಯಂತ್ರ ತಕ್ಷಣ ಬೀಳುವುದಿಲ್ಲ. ರ‍್ಯಾಮಿನಲ್ಲಿ ಇರುವುದರಿಂದಲೇ ಸ್ವಲ್ಪ ಹೊತ್ತು ಬಾಣದ ಗುರುತು ಓಡಾಡುತ್ತದೆ, ತೆರೆದ ಪುಟ ಹಾಗೇ ಇರುತ್ತದೆ. ಹೊಸದೇನನ್ನಾದರೂ ಓದಬೇಕಾಗಿ ಬಂದಾಗ ಎಲ್ಲ ನಿಲ್ಲುತ್ತದೆ. ಅಷ್ಟರೊಳಗೆ ನೀವು ಉಳಿಸಿದೆನೆಂದುಕೊಂಡದ್ದು ಎಲ್ಲೂ ಉಳಿದಿರುವುದಿಲ್ಲ.

ಯಾವ ಆಪರೇಟಿಂಗ್ ಸಿಸ್ಟಮ್ ಹಾಕಬೇಕು? ಮಾಮೂಲಿ ವಿಂಡೋಸ್ ಇನ್‌ಸ್ಟಾಲರ್ ಯುಎಸ್‌ಬಿ ಡಿಸ್ಕಿಗೆ ವಿಂಡೋಸ್ ಹಾಕಲು ಒಪ್ಪುವುದಿಲ್ಲ. 2012ರಲ್ಲಿ ಇದಕ್ಕೆಂದೇ ಬಂದಿದ್ದ ವಿಂಡೋಸ್ ಟು ಗೋ ಸೌಲಭ್ಯವನ್ನು ಮೈಕ್ರೋಸಾಫ್ಟ್ 2020ರಲ್ಲಿ ತೆಗೆದುಹಾಕಿತು. ರೂಫಸ್‌ನಂಥ ತಂತ್ರಾಂಶ ಬಳಸಿ ಈಗಲೂ ಮಾಡಬಹುದು. ಲಿನಕ್ಸಿಗೆ ಇದು ಹಳೆಯ ಅಭ್ಯಾಸ. ಜರ್ಮನಿಯ ಕ್ಲೌಸ್ ಕ್ನಾಪರ್ 2000ನೇ ಇಸವಿಯಲ್ಲೇ ಕ್ನಾಪಿಕ್ಸ್ ತಯಾರಿಸಿ, ಹಾರ್ಡ್ ಡಿಸ್ಕನ್ನು ಮುಟ್ಟದೆ ಇಡೀ ವ್ಯವಸ್ಥೆ ಒಂದು ಸಿಡಿಯಿಂದ ಏಳುವಂತೆ ಮಾಡಿದ್ದರು. ಇಂದಿನ ಉಬುಂಟು, ಮಿಂಟ್‌ಗಳನ್ನು ಪೆನ್‌ಡ್ರೈವಿನಿಂದ ಎಬ್ಬಿಸಿ ಅಲ್ಲಿಂದಲೇ ಹೊರಗಿನ ಎಸ್‌ಎಸ್‌ಡಿಗೆ ಇಳಿಸಬಹುದು. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆಯೂ ಅವುಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ಬೂಟ್ ಪ್ರೋಗ್ರಾಮ್ ಯಾವ ಡಿಸ್ಕಿಗೆ ಹೋಗುತ್ತಿದೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಕೆಲವು ಇನ್‌ಸ್ಟಾಲರ್‌ಗಳು ಉಳಿದದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ಹಾಕಿ, ಬೂಟ್ ಪ್ರೋಗ್ರಾಮನ್ನು ಒಳಗಿನ ಸಾಯುತ್ತಿರುವ ಡಿಸ್ಕಿನಲ್ಲಿ ಇಟ್ಟುಬಿಡುತ್ತವೆ. ಒಳಗಿನದರ ಕೇಬಲ್ ಮೊದಲೇ ಕಿತ್ತಿದ್ದರೆ ಆ ಭಯವೂ ಇಲ್ಲ.

ಈ ಹೊರಗಿನ ದಾರಿ ಹೊಸ ಯಂತ್ರಗಳಲ್ಲಿ ಸಣ್ಣದಾಗುತ್ತ ಬರುತ್ತಿರುವುದು ನನಗೆ ನಿಜವಾದ ಚಿಂತೆಯ ವಿಷಯ. ಟಿ2 ಭದ್ರತಾ ಚಿಪ್ ಇರುವ ಮ್ಯಾಕ್‌ಗಳು, ಮೊದಲೇ ಅನುಮತಿ ಕೊಟ್ಟಿರದಿದ್ದರೆ, ಹೊರಗಿನ ಡಿಸ್ಕಿನಿಂದ ಏಳುವುದಿಲ್ಲ. ಆ ಅನುಮತಿ ಕೊಡಲು ಒಳಗಿನ ಡಿಸ್ಕಿನಲ್ಲಿರುವ ಖಾತೆಯ ಪಾಸ್‌ವರ್ಡ್ ಬೇಕು. ಡಿಸ್ಕ್ ಸತ್ತ ಮೇಲೆ ಕೊಡುವುದೆಲ್ಲಿಂದ? 2020ರ ಎಂ1 ಚಿಪ್‌ನಿಂದೀಚೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅವುಗಳಲ್ಲಿ ಏಳುವ ಮೊದಲ ಪ್ರೋಗ್ರಾಮ್ ಪ್ರೊಸೆಸರ್ ಒಳಗಿದ್ದರೂ, ಎರಡನೆಯ ಹಂತದ್ದನ್ನು ಓದುವುದು ಒಳಗಿನ ಫ್ಲಾಶಿನಿಂದ. ನೀವು ಹೊರಗಿನ ಡಿಸ್ಕಿನಿಂದ ಏಳಿಸಿದರೂ ಒಳಗಿನದು ಆರೋಗ್ಯವಾಗಿರಲೇಬೇಕು. ಅದು ಸತ್ತರೆ ಉಳಿದೆಲ್ಲ ಭಾಗಗಳು ಚೆನ್ನಾಗಿದ್ದೂ ಯಂತ್ರ ಏಳದು, ಬೆಸುಗೆ ಹಾಕಿದ ಚಿಪ್ಪನ್ನು ಬದಲಿಸುವುದು ಮನೆಯವರ ಕೈಯಲ್ಲಾಗುವ ಕೆಲಸವೂ ಅಲ್ಲ. ಕಳ್ಳನ ಕೈಗೆ ಸಿಕ್ಕ ಯಂತ್ರದ ದತ್ತಾಂಶ ಸೋರಬಾರದು ಎಂಬ ಕಾರಣ ನ್ಯಾಯವಾದದ್ದೇ. ಆದರೆ ದತ್ತಾಂಶಕ್ಕೆ ಬೀಗ ಹಾಕಿಯೂ ಯಂತ್ರ ಬೇರೆ ಡಿಸ್ಕಿನಿಂದ ಏಳುವಂತೆ ಮಾಡಬಹುದು, ಹಾಗೆ ಮಾಡಿರುವ ಲ್ಯಾಪ್‌ಟಾಪ್‌ಗಳು ಇಂದೂ ಮಾರುಕಟ್ಟೆಯಲ್ಲಿವೆ. 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಯಾದದ್ದು ಶೇ. 22.3 ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಒಂದು ಬಿಡಿಭಾಗ ಕೆಟ್ಟಿತೆಂದು ಇಡೀ ಕಂಪ್ಯೂಟರನ್ನು ಆ ರಾಶಿಗೆ ಸೇರಿಸುವ ವಿನ್ಯಾಸವನ್ನು ನಾನು ಒಪ್ಪಲಾರೆ.

ನಿಮ್ಮ ಯಂತ್ರ ಹೊರಗಿನಿಂದ ಏಳುತ್ತದೆಯೇ ಎಂದು ತಿಳಿಯಲು ಡಿಸ್ಕ್ ಕೆಡುವವರೆಗೆ ಕಾಯಬೇಕಿಲ್ಲ. ಒಂದು ಭಾನುವಾರ 8 ಜಿಬಿಯ ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ ಬರೆದುಕೊಂಡು, ಇನ್‌ಸ್ಟಾಲ್ ಮಾಡದೆ ಬರೀ ಪ್ರಯೋಗಕ್ಕೆಂದು ಎಬ್ಬಿಸಿ ನೋಡಿ. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಒಳಗಿನ ಡಿಸ್ಕಿನ ಫೈಲುಗಳು ತೆರೆಯುತ್ತವೆಯೇ ಪರೀಕ್ಷಿಸಿ. ತೆರೆಯದಿದ್ದರೆ ಬಹುಶಃ ಅದರ ಮೇಲೆ ವಿಂಡೋಸಿನ ಬಿಟ್‌ಲಾಕರ್ ಬೀಗ ಬಿದ್ದಿದೆ. ವಿಂಡೋಸಿಗೆ ಮರಳಿ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬೂಟ್ ಮೆನು ತೆರೆಯುವ ಕೀ ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ನಿಮ್ಮದರಲ್ಲಿ ಯಾವುದೆಂದು ಗೊತ್ತಾದ ಮೇಲೆ ಒಂದು ಚೀಟಿಯಲ್ಲಿ ಬರೆದು ಆ ಪೆನ್‌ಡ್ರೈವಿಗೇ ಅಂಟಿಸಿಬಿಡಿ.